ಉದ್ದ ಬಾಲದ ಅಲಂಕಾರಿಕ ಕೋಳಿಗಳ ತಳಿ ಕಟ್ಟಬೇಕೆಂದಿದ್ದೇನೆ: ಎಲ್ಲಿಂದ ಶುರು ಮಾಡಲಿ?

ಉದ್ದಬಾಲ

ಎಲ್ಲರಿಗೂ ನಮಸ್ಕಾರ. ಮೊಟ್ಟೆಗಾಗಿ ಕೋಳಿ ಸಾಕಿದ ಅನುಭವವಿದೆ, ತಳಿ ಕಟ್ಟುವ ಕೆಲಸಕ್ಕೆ ಮಾತ್ರ ಹೊಸಬ. ಫೀನಿಕ್ಸ್ ಎಂಬ ಉದ್ದಬಾಲದ ತಳಿಯ ಬೆಳ್ಳಿ ಬಣ್ಣದ ಗುಂಪೊಂದು ಕೈಗೆ ಬರುವಂತಿದೆ: ಒಂದು ಹುಂಜ, ನಾಲ್ಕು ಹೇಂಟೆ, ಎಲ್ಲವೂ ಒಬ್ಬರ ಬಳಿಯವೇ. ಹುಂಜದ ಬಾಲ ನೆಲಕ್ಕೆ ತಾಗಿ ಹಿಂದಕ್ಕೆ ಒಂದು ಮೊಳ ಹರಿದಿದೆ. ನೋಡಿದ ಕೂಡಲೇ ಮನಸ್ಸು ಸೋತಿತು. ಹೇಂಟೆಗಳು ಸಾಧಾರಣ, ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಐದಾರು ವರ್ಷ ಇದಕ್ಕೆಂದೇ ಮೀಸಲಿಡಲು ತಯಾರಿದ್ದೇನೆ. ಪ್ರತಿ ಪೀಳಿಗೆಯಲ್ಲೂ ಅತಿ ಉದ್ದ ಬಾಲದ ಹುಂಜವನ್ನು ಉಳಿಸಿಕೊಂಡು ಹೋದರೆ ಬಾಲ ಉದ್ದವಾಗುತ್ತಲೇ ಹೋಗಬೇಕಲ್ಲವೇ? ಜಪಾನಿನ ಉದ್ದಬಾಲದ ತಳಿ ಒನಾಗದೋರಿಯ ರಕ್ತ ಸೇರಿಸದೆ ಎಲ್ಲಿಯವರೆಗೆ ಮುಟ್ಟಬಹುದು? ಇಷ್ಟು ಹಕ್ಕಿಗಳು ಸಾಕೇ? ಗೂಡು ಕಟ್ಟುವ ಮೊದಲೇ ಕೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ಹಿರಿಯಹುಂಜ

ಕೊಳ್ಳುವ ಮೊದಲು ಕೇಳಿದಿರಲ್ಲ, ಸಂತೋಷ. ಹೆಚ್ಚಿನವರು ಮೂರನೆಯ ವರ್ಷ, ಇಟ್ಟ ಮೊಟ್ಟೆಯಲ್ಲಿ ಅರ್ಧಕ್ಕರ್ಧ ಬರಡಾದ ಮೇಲೆ ಬಂದು ಕೇಳುತ್ತಾರೆ.

ಯಾವ ಹಕ್ಕಿಯ ಮಾತಾಡುತ್ತಿದ್ದೇವೆ ಎಂಬುದು ಮೊದಲು ಸ್ಪಷ್ಟವಾಗಲಿ. ಒನಾಗದೋರಿ ಜಪಾನಿನ ಶಿಕೊಕು ದ್ವೀಪದ ಕೊಚಿ ಪ್ರಾಂತದ್ದು, ಹಳೆಯ ತೊಸಾ ಸೀಮೆಯದು. ಅಲ್ಲಿನ ಸರ್ಕಾರ 1952ರಲ್ಲಿ ಅದನ್ನು ವಿಶೇಷ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. 1972ರಲ್ಲಿ ದಾಖಲಾದ ಒಂದು ಹುಂಜದ ಬಾಲದ ಗರಿ 10.6 ಮೀಟರ್ ಇತ್ತು. ಈ ಉದ್ದದ ಗುಟ್ಟು ಬೆಳವಣಿಗೆಯ ವೇಗವೊಂದರಲ್ಲೇ ಇಲ್ಲ. ಆ ಹುಂಜದ ಬಾಲದ ಮತ್ತು ಸೊಂಟದ ಕೆಲವು ಗರಿಗಳು ವರ್ಷ ವರ್ಷ ಉದುರುವುದೇ ಇಲ್ಲ. ವರ್ಷಕ್ಕೆ ಒಂದು ಮೀಟರಿನ ಆಸುಪಾಸು ಬೆಳೆಯುವ ಗರಿ ಹತ್ತು ವರ್ಷ ಉದುರದೆ ನಿಂತರೆ ಎಷ್ಟಾಗುತ್ತದೆ, ಲೆಕ್ಕ ನೀವೇ ಹಾಕಿ.

ಫೀನಿಕ್ಸ್ ಬೇರೆ. ಜಪಾನಿನಿಂದ ಯುರೋಪಿಗೆ ಬಂದ ಉದ್ದಬಾಲದ ಕೋಳಿಗಳು ಅಲ್ಲಿ ಚೆನ್ನಾಗಿ ಬಾಳಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಹ್ಯೂಗೋ ದು ರೋಯ್ ಅವುಗಳನ್ನು ಬೇರೆ ತಳಿಗಳ ಜೊತೆ ಕೂಡಿಸಿ ಫೀನಿಕ್ಸನ್ನು ರೂಪಿಸಿದರು. ಹಕ್ಕಿಗೆ ಗಟ್ಟಿತನ ಬಂತು, ಅದರ ಬೆನ್ನಿಗೇ ಎಲ್ಲ ಕೋಳಿಗಳಂತೆ ವರ್ಷಕ್ಕೊಮ್ಮೆ ಗರಿ ಉದುರಿಸುವ ಸ್ವಭಾವವೂ ಬಂತು. ಹಾಗಾಗಿ ಫೀನಿಕ್ಸ್ ಹುಂಜದ ಬಾಲ ಒಂದು ಉದುರಿನಿಂದ ಇನ್ನೊಂದು ಉದುರಿನವರೆಗೆ ಎಷ್ಟು ಬೆಳೆಯುತ್ತದೋ ಅದೇ ಅದರ ಮಿತಿ. ನೀವು ಕಂಡ ಹುಂಜದ ವಯಸ್ಸೆಷ್ಟು? ಉದುರುವ ಕಾಲಕ್ಕೆ ಮುಂಚೆ ನೋಡಿದಿರೋ, ಆಮೇಲೆಯೋ? ಇದು ಗೊತ್ತಿಲ್ಲದೆ "ಒಂದು ಮೊಳ" ಎಂಬುದಕ್ಕೆ ಅರ್ಥವಿಲ್ಲ.

ಇನ್ನೊಂದು ಮಾತು. ಅತಿ ಉದ್ದ ಬಾಲದ ಹುಂಜವನ್ನು ಉಳಿಸಿಕೊಳ್ಳುವುದು ಅರ್ಧ ಯೋಜನೆ. ಉಳಿದರ್ಧ, ನೀವು "ಹೇಳುವಂಥದ್ದೇನೂ ಇಲ್ಲ" ಎಂದು ಬದಿಗೆ ಸರಿಸಿದ ಆ ನಾಲ್ಕು ಹೇಂಟೆಗಳಲ್ಲಿದೆ.

ತಳಿಲೆಕ್ಕ

"ಇಷ್ಟು ಹಕ್ಕಿಗಳು ಸಾಕೇ" ಎಂಬುದಕ್ಕೆ ಉತ್ತರ: ಸಾಲದು. ಆದರೆ ಕೊರತೆ ಇರುವುದು ಹೇಂಟೆಗಳದಲ್ಲ, ಹುಂಜಗಳದು.

ಪ್ರತಿ ಮರಿಗೂ ಅರ್ಧ ಗುಣ ತಂದೆಯಿಂದ ಬರುತ್ತದೆ. ಗುಂಪಿಗೆಲ್ಲ ಒಬ್ಬನೇ ತಂದೆಯಾದರೆ ಮುಂದಿನ ಪೀಳಿಗೆಯಲ್ಲಿ ಎಲ್ಲರೂ ಒಂದೇ ತಂದೆಯ ಮಕ್ಕಳು. ಇದನ್ನು ಅಳೆಯಲು ಒಂದು ಸರಳ ಸೂತ್ರವಿದೆ: ಹುಂಜಗಳ ಸಂಖ್ಯೆ, ಹೇಂಟೆಗಳ ಸಂಖ್ಯೆ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಹಕ್ಕಿಗಳಿಂದ ಭಾಗಿಸಿ. ಒಂದು ಹುಂಜ, ನಾಲ್ಕು ಹೇಂಟೆಗೆ 3.2 ಬರುತ್ತದೆ. ಒಂದನ್ನು ಇದರ ಎರಡರಷ್ಟರಿಂದ ಭಾಗಿಸಿದರೆ, ಪ್ರತಿ ಪೀಳಿಗೆಗೆ ಒಳಸಂಕರ (ರಕ್ತಸಂಬಂಧಿಗಳು ಕೂಡುವುದರ ಪರಿಣಾಮ) ಸುಮಾರು ಶೇ 15.6ರಷ್ಟು ಏರುತ್ತದೆ ಎಂದು ಸಿಗುತ್ತದೆ. ಹೇಂಟೆಗಳನ್ನು ಹತ್ತಕ್ಕೆ ಏರಿಸಿದರೂ 3.6 ಅಷ್ಟೇ, ಏರಿಕೆ ಸುಮಾರು ಶೇ 14ಕ್ಕೆ ಇಳಿಯುತ್ತದೆ, ದೊಡ್ಡ ಲಾಭವೇನಿಲ್ಲ. ಅದೇ ಮೂರು ಹುಂಜ, ಒಂಬತ್ತು ಹೇಂಟೆ ಇಟ್ಟರೆ 9 ಬರುತ್ತದೆ, ಏರಿಕೆ ಶೇ 5.6. ಹನ್ನೊಂದು ಹಕ್ಕಿಯ ಬದಲು ಹನ್ನೆರಡು ಹಕ್ಕಿ, ವ್ಯತ್ಯಾಸ ನೋಡಿ.

ಇದೆಲ್ಲ ಮೂಲ ಹಕ್ಕಿಗಳು ಪರಸ್ಪರ ಸಂಬಂಧಿಗಳಲ್ಲ ಎಂದು ಇಟ್ಟುಕೊಂಡು ಹಾಕಿದ ಲೆಕ್ಕ. ಒಬ್ಬರ ಬಳಿಯ ಹಕ್ಕಿಗಳೆಂದರೆ ಅಣ್ಣ ತಂಗಿಯರೇ ಇರಬಹುದು. ಒಡಹುಟ್ಟಿದವುಗಳನ್ನು ಕೂಡಿಸಿದರೆ ಮರಿಯ ಒಳಸಂಕರ ಒಮ್ಮೆಲೇ ಶೇ 25. ಮೊದಲು ಪೆಟ್ಟು ತಿನ್ನುವುದು ಬಾಲವಲ್ಲ. ಮೊಟ್ಟೆ ಕೂಡುವುದು, ಮರಿ ಒಡೆಯುವುದು, ಒಡೆದ ಮರಿ ಬದುಕುವುದು.

ನನ್ನ ಸಲಹೆ: ಬೇರೆ ಬೇರೆ ಮೂಲದ ಮೂರು ಕುಟುಂಬಗಳನ್ನು ಹೊಂದಿಸಿಕೊಳ್ಳಿ. ಹೆಣ್ಣು ಮರಿಗಳು ತಾಯಿಯ ಕುಟುಂಬದಲ್ಲೇ ಉಳಿಯಲಿ. ಮೊದಲ ಕುಟುಂಬದ ಹುಂಜ ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ಮೊದಲನೆಯದಕ್ಕೆ ಹೋಗಲಿ. ಪ್ರತಿ ವರ್ಷ ಇದೇ ಸುತ್ತು.

ಸಣ್ಣಗೂಡು

ಯೊಕೊಹಾಮಾ ಕೋಳಿ ಸಿಗುವುದಾದರೆ ಹೊಸ ರಕ್ತಕ್ಕೆ ಅದನ್ನೇ ಹಾಕಬಹುದಲ್ಲ? ಅದಕ್ಕೂ ಬಾಲ ಉದ್ದ.

ತಳಿಲೆಕ್ಕ

ಹಾಕಬಹುದು, ಆದರೆ ತಲೆನೋವು ಜೊತೆಯಲ್ಲೇ ಬರುತ್ತದೆ. ಫೀನಿಕ್ಸಿಗೆ ಒಂಟಿ ಏಣಿನ ಜುಟ್ಟು, ಬಿಳಿ ಕಿವಿಹಾಲೆ, ಬೂದು ನೀಲಿ ಕಾಲು. ಯೊಕೊಹಾಮಾಗೆ ತಲೆಗಂಟಿದ ಗಿಡ್ಡ ಜುಟ್ಟು, ಕೆಂಪು ಕಿವಿಹಾಲೆ, ಹಳದಿ ಕಾಲು. ಜುಟ್ಟನ್ನು ಸರಿಪಡಿಸುವುದು ಸುಲಭ. ಒಂಟಿ ಜುಟ್ಟು ಹಿಂಜರಿಯುವ ಗುಣವಾದ್ದರಿಂದ, ಎರಡನೆಯ ಪೀಳಿಗೆಯಲ್ಲಿ ಒಂಟಿ ಜುಟ್ಟಿನ ಮರಿ ಸಿಕ್ಕಿತೆಂದರೆ ಅದು ಆ ಮಟ್ಟಿಗೆ ಶುದ್ಧ. ಕಿವಿಹಾಲೆಯ ಬಣ್ಣ ಹಾಗಲ್ಲ. ಅನೇಕ ಜೀನುಗಳು ಸೇರಿ ಅದನ್ನು ನಿರ್ಧರಿಸುತ್ತವೆ. ಬಿಳಿಯ ನಡುವೆ ಕೆಂಪು ಮಚ್ಚೆಗಳು ವರ್ಷಗಟ್ಟಲೆ ಕಾಡುತ್ತವೆ.

ಹೊಸ ರಕ್ತವೇ ಬೇಕೆಂದರೆ ಚಿನ್ನದ ಬಣ್ಣದ ಫೀನಿಕ್ಸ್ ಹೇಂಟೆಗಳನ್ನು ತನ್ನಿ. ಬೆಳ್ಳಿ ಮತ್ತು ಚಿನ್ನ ಲಿಂಗಕ್ಕೆ ಅಂಟಿದ ಬಣ್ಣಗಳು, ಬೆಳ್ಳಿಯದು ಮೇಲುಗೈ. ಶುದ್ಧ ಬೆಳ್ಳಿ ಹುಂಜಕ್ಕೆ ಚಿನ್ನದ ಹೇಂಟೆ ಕೂಡಿಸಿದರೆ ಹುಟ್ಟುವ ಹೆಣ್ಣು ಮರಿಗಳೆಲ್ಲ ಬಣ್ಣದ ಮಟ್ಟಿಗೆ ಶುದ್ಧ ಬೆಳ್ಳಿ, ಏಕೆಂದರೆ ಹೇಂಟೆಗೆ ಆ ಜೀನು ಒಂದೇ ಪ್ರತಿ, ಅದೂ ತಂದೆಯಿಂದ ಮಾತ್ರ. ಗಂಡು ಮರಿಗಳು ಬೆಳ್ಳಿಯಾಗಿ ಕಂಡರೂ ಒಳಗೆ ಚಿನ್ನ ಹೊತ್ತಿರುತ್ತವೆ. ಕತ್ತು ಸೊಂಟದ ಗರಿಗಳ ಮೇಲೆ ಹಿತ್ತಾಳೆಯ ಛಾಯೆ ಬಂದು ಗುಟ್ಟು ರಟ್ಟಾಗುತ್ತದೆ. ಆ ಹುಂಜಗಳನ್ನು ಬಿಡಿ, ಹೇಂಟೆಗಳನ್ನು ಇಟ್ಟುಕೊಳ್ಳಿ.

ಉದ್ದಬಾಲ

ಇಬ್ಬರಿಗೂ ಧನ್ಯವಾದ. ವಿಚಾರಿಸಿದೆ: ಹುಂಜಕ್ಕೆ ಎರಡು ವರ್ಷ ತುಂಬಿಲ್ಲ, ಪೂರ್ತಿ ಬಾಲ ಬಂದ ಮೇಲೆ ಒಮ್ಮೆಯೂ ಉದುರಿಲ್ಲ. ಹೇಂಟೆಗಳಲ್ಲಿ ಎರಡು ಅದರ ಒಡಹುಟ್ಟಿದವೇ ಅಂತೆ!

ಹಿರಿಯಹುಂಜ ಅವರೇ, ಹೇಂಟೆಯ ವಿಷಯ ನನಗೆ ಇನ್ನೂ ಹತ್ತಲಿಲ್ಲ. ಬಾಲವೇ ಇಲ್ಲದ ಹಕ್ಕಿಯಲ್ಲಿ ಬಾಲದ ಗುಣವನ್ನು ನೋಡುವುದು ಹೇಗೆ?

ಹಿರಿಯಹುಂಜ

ಬಾಲವಿಲ್ಲದೆ ಏನು? ಹೇಂಟೆಯನ್ನು ಹಗಲು ಬೆಳಕಿನಲ್ಲಿ ಕೈಗೆತ್ತಿಕೊಂಡು, ಬೆನ್ನು ನಿಮ್ಮ ಕಡೆಗಿರುವಂತೆ ಹಿಡಿಯಿರಿ. ಬಾಲದ ಮುಖ್ಯ ಗರಿಗಳನ್ನು ಆಚೆಗೆ ಸರಿಸಿ, ಅವುಗಳ ಬುಡ ಮುಚ್ಚುವ ಹೊದಿಕೆ ಗರಿಗಳನ್ನು ನೋಡಿ. ಸಾಮಾನ್ಯ ಹೇಂಟೆಯಲ್ಲಿ ಅವು ಗಿಡ್ಡ, ತುದಿ ಗುಂಡು. ಒಳ್ಳೆಯ ಉದ್ದಬಾಲದ ವಂಶದ ಹೇಂಟೆಯಲ್ಲಿ ಮೇಲಿನ ಜೋಡಿ ಉದ್ದವಾಗಿ, ತುದಿ ಚೂಪಾಗಿ, ಮುಖ್ಯ ಬಾಲದ ಮೇಲೆ ಕೆಳಕ್ಕೆ ಬಾಗಿರುತ್ತದೆ. ಸೊಂಟದ ಗರಿಗಳೂ ಪಕ್ಕಕ್ಕೆ ಸ್ವಲ್ಪ ಇಳಿಬಿದ್ದಿರುತ್ತವೆ. ನಾಲ್ಕು ಹೇಂಟೆಗಳನ್ನು ಒಂದರ ಪಕ್ಕ ಒಂದು ಹಿಡಿದು ನೋಡಿದರೆ "ಸಾಧಾರಣ" ಎಂದು ಮತ್ತೆ ಬರೆಯುವುದಿಲ್ಲ.

ಇಷ್ಟಾದರೂ ಇದು ಹೊರಗಿನ ಗುರುತು ಮಾತ್ರ. ಹೇಂಟೆಯ ನಿಜವಾದ ಬೆಲೆ ತಿಳಿಯುವುದು ಅದರ ಗಂಡುಮಕ್ಕಳಿಂದ. ಒಂದೇ ಹುಂಜಕ್ಕೆ ಮೂರು ಹೇಂಟೆ ಕೂಡಿಸಿ, ಯಾವ ಮೊಟ್ಟೆ ಯಾರದ್ದೆಂದು ಗುರುತಿಟ್ಟು, ಒಬ್ಬೊಬ್ಬಳ ಗಂಡುಮಕ್ಕಳ ಬಾಲವನ್ನು ಹೋಲಿಸಿ. ತಂದೆ ಒಬ್ಬನೇ ಆದ್ದರಿಂದ ವ್ಯತ್ಯಾಸ ಬಂದರೆ ಅದು ಬಹುಪಾಲು ತಾಯಿಯ ಕಡೆಯದು. ಹೀಗೆ ಸಿಕ್ಕ ಒಂದು ಹೇಂಟೆ ಪ್ರದರ್ಶನದಲ್ಲಿ ಬಹುಮಾನ ಗೆದ್ದ ಹುಂಜಕ್ಕಿಂತ ಮೇಲು. ಜನ ಹುಂಜದ ಚಿತ್ರ ನೋಡಿ ದುಡ್ಡು ಸುರಿಯುತ್ತಾರೆ, ಹೇಂಟೆಗಳನ್ನು ಲೆಕ್ಕಕ್ಕೆ ಸೇರಿಸಿ ತಂದುಕೊಳ್ಳುತ್ತಾರೆ. ಈ ಹವ್ಯಾಸದಲ್ಲಿ ನನಗೆ ಸಿಟ್ಟು ಬರುವುದು ಇದೊಂದಕ್ಕೇ.

ಎರಡು ವರ್ಷ ತುಂಬದ, ಪೂರ್ತಿ ಬಾಲ ಬಂದ ಮೇಲೆ ಒಮ್ಮೆಯೂ ಉದುರಿಸದ ಹುಂಜದ ಬಗ್ಗೆ ಈಗಲೇ ಏನೂ ಹೇಳಲಾಗದು. ಹಗಲು ಗಿಡ್ಡವಾಗುತ್ತಾ ಬಂದಾಗ ಕೋಳಿ ಗರಿ ಉದುರಿಸುತ್ತದೆ. ಆ ಕಾಲ ಕಳೆಯಲಿ. ಎಲ್ಲ ಗರಿಗಳೂ ಉದುರಿದರೆ ಮಾಮೂಲಿ ಫೀನಿಕ್ಸ್. ಎರಡು ಮೂರು ಉದ್ದ ಗರಿಗಳು ಉಳಿದುಕೊಂಡರೆ, ಆ ಹುಂಜವನ್ನು ಬಿಡಬೇಡಿ. ದೀಪ ಹಾಕಿ ಹಗಲನ್ನು ಎಳೆದು ಉದುರುವುದನ್ನು ಮುಂದೂಡುವವರೂ ಇದ್ದಾರೆ. ಹಾಗೆ ಮಾಡಿದರೆ ಬಾಲ ಉಳಿಯಬಹುದು, ಅದು ವಂಶದ ಗುಣವೋ ದೀಪದ ಗುಣವೋ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಸಣ್ಣಗೂಡು

ಅಷ್ಟು ದಿನ ಎಲ್ಲ ಗಂಡು ಮರಿಗಳನ್ನೂ ಸಾಕಲು ಜಾಗ ಯಾರಿಗಿದೆ? ನಾನು ಮೂರು ತಿಂಗಳಿಗೇ ಆರಿಸಿ ಉಳಿದವನ್ನು ಕೊಟ್ಟುಬಿಡುತ್ತೇನೆ.

ಹಿರಿಯಹುಂಜ

ಮೂರು ತಿಂಗಳಿಗೆ ಕಾಲು, ಬೆನ್ನು, ಕೊಕ್ಕು, ಜುಟ್ಟು, ಚುರುಕುತನ ನೋಡಿ ಆರಿಸಿ, ಬೇಡವೆನ್ನುವುದಿಲ್ಲ. ಸೊಟ್ಟ ಬೆರಳಿನದು, ಒಂದು ಕಡೆಗೆ ಬಾಲ ವಾಲಿದ್ದು, ಸೊರಗಿದ್ದು, ಇವೆಲ್ಲ ಆಗಲೇ ಹೋಗಲಿ. ಬಾಲದ ಉದ್ದಕ್ಕೆ ಮಾತ್ರ ಆಗ ಆರಿಸಬೇಡಿ. ಬೇಗ ಗರಿ ಬರುವ ಮರಿಯನ್ನು ಉದ್ದ ಗರಿಯ ಮರಿಯೆಂದು ತಿಳಿದು ಇಟ್ಟುಕೊಳ್ಳುತ್ತೀರಿ, ಅಷ್ಟೇ.

ಬಯಲುಕೋಳಿ

ಇಷ್ಟೆಲ್ಲ ಓದಿದ ಮೇಲೆ ಒಂದು ಅಪಸ್ವರ. ಹತ್ತು ಮೀಟರ್ ಬಾಲದ ಆ ಹುಂಜಗಳನ್ನು ಸಾಕಿದ್ದು ಎಲ್ಲಿ? ತೊಮೆಬಾಕೊ ಎಂಬ ಕಿರಿದಾದ, ಎತ್ತರದ ಪೆಟ್ಟಿಗೆಯೊಳಗೆ. ಹುಂಜ ಮೇಲೆ ಕೋಲಿನ ಮೇಲೆ ಕೂತಿರಬೇಕು, ಬಾಲ ಕೆಳಕ್ಕೆ ಇಳಿಬಿದ್ದಿರಬೇಕು, ನಡೆದಾಡಿಸಬೇಕೆಂದರೆ ಯಾರಾದರೂ ಬಾಲ ಹಿಡಿದು ಹಿಂದೆ ನಡೆಯಬೇಕು. ಕೆದಕಿ ತಿನ್ನುವ, ಮಣ್ಣಿನಲ್ಲಿ ಹೊರಳುವ ಹಕ್ಕಿಗೆ ಇದು ಬದುಕೇ? ಉದ್ದವನ್ನೇ ಗುರಿ ಮಾಡಿಕೊಂಡರೆ ಕೊನೆಗೆ ಹೋಗಿ ನಿಲ್ಲುವುದು ಆ ಪೆಟ್ಟಿಗೆಯಲ್ಲೇ.

ಕಾವುಗೂಡು

ಬಯಲುಕೋಳಿ ಅವರ ಪ್ರಶ್ನೆ ನ್ಯಾಯವಾದದ್ದೇ. ನನ್ನ ಹುಂಜಗಳಿಗೆ ಪೆಟ್ಟಿಗೆ ಇಲ್ಲ. ಒಂದೂವರೆ ಮೀಟರಿನವರೆಗಿನ ಬಾಲವನ್ನು ಬಯಲಿನಲ್ಲೇ ಕಾಪಾಡಬಹುದು, ಅದಕ್ಕಿಂತ ಹೆಚ್ಚು ನನಗೆ ಬೇಡ. ಪ್ರತಿಯೊಬ್ಬರೂ ಶುರುವಿನಲ್ಲೇ ಇಂಥದ್ದೊಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಗೂಡಿನ ಅಳತೆ ಅದರ ಮೇಲೆ ನಿಲ್ಲುತ್ತದೆ.

ಗೂಡಿನ ವಿಷಯ ಯಾರೂ ಎತ್ತಿಲ್ಲವಾದ್ದರಿಂದ ಹೇಳುತ್ತೇನೆ. ಕೂರುವ ಕೋಲು ಎತ್ತರದಲ್ಲಿರಲಿ, ಗೋಡೆಯಿಂದ ಕನಿಷ್ಠ ಎರಡು ಮೂರು ಅಡಿ ದೂರವಿರಲಿ. ಗೋಡೆಗೆ ಹತ್ತಿರವಿದ್ದರೆ ಹುಂಜ ತಿರುಗಿದಾಗಲೆಲ್ಲ ಗರಿ ಉಜ್ಜಿ ಅಂಚು ಹರಿಯುತ್ತದೆ. ಒಂದರ ಕೆಳಗೆ ಒಂದು ಕೋಲು ಇಡಲೇಬೇಡಿ. ಮೇಲಿನದರ ಬಾಲದ ಮೇಲೆ ಕೆಳಗಿನದು ಹಿಕ್ಕೆ ಹಾಕದಿದ್ದರೂ ಅದನ್ನು ಕುಕ್ಕುತ್ತದೆ. ನೆಲಕ್ಕೆ ಒಣ ಮರಳು ಎಲ್ಲಕ್ಕಿಂತ ಮೇಲು. ಕೆಸರು ಕಂಡರೆ ಬಾಲ ಹೋಯಿತೆಂದೇ ಲೆಕ್ಕ. ಗರಿಗೆ ಮೆತ್ತಿದ ಒದ್ದೆ ಮಣ್ಣು ಒಣಗಿ ಗಟ್ಟಿಯಾದರೆ, ಹುಂಜ ಒದರಿಕೊಳ್ಳುವಾಗ ಅದರ ಭಾರಕ್ಕೆ ಗರಿಯೇ ಮುರಿಯುತ್ತದೆ.

ಬಾಲ ಬೆಳೆಯುವ ಕಾಲದಲ್ಲಿ ಹುಂಜವನ್ನು ಹೇಂಟೆಗಳ ಜೊತೆ ಬಿಡಬೇಡಿ. ಎಳೆಯ ಗರಿಯ ದಂಟಿನಲ್ಲಿ ರಕ್ತ ತುಂಬಿರುತ್ತದೆ. ಒಂದು ಹೇಂಟೆಗೆ ಅದರ ರುಚಿ ಹತ್ತಿದರೆ ಸಾಕು, ಒಂದೇ ವಾರದಲ್ಲಿ ಬುಡ ಬರಿದಾಗುತ್ತದೆ. ಇದಕ್ಕೆ ಮೇವಿನಲ್ಲಿ ಪ್ರೋಟೀನ್ ಸಾಲದಿರುವುದೂ ಒಂದು ಕಾರಣ. ಗರಿಯ ಸುಮಾರು ಶೇ 90 ಭಾಗ ಪ್ರೋಟೀನೇ, ಅದರಲ್ಲೂ ಗಂಧಕವಿರುವ ಅಮೈನೋ ಆಮ್ಲಗಳು ಹೆಚ್ಚು ಬೇಕು. ಬೆಳೆಯುವ ಮರಿಗಳಿಗೆ ಶೇ 20ರ ಆಸುಪಾಸು ಪ್ರೋಟೀನ್ ಇರುವ ಮೇವು ಕೊಡಿ. ಬರೀ ಕಾಳು ಹಾಕಿ ಬಾಲ ಬರಲಿಲ್ಲವೆಂದು ವಂಶವನ್ನು ಬೈಯಬೇಡಿ. ಗರಿಯನ್ನು ಬೆಳಕಿಗೆ ಹಿಡಿದರೆ ಅಡ್ಡಡ್ಡ ತೆಳು ಗೆರೆಗಳು ಕಾಣುವುದುಂಟು. ಆ ಗೆರೆ ಮೂಡಿದ ದಿನಗಳಲ್ಲಿ ಹಕ್ಕಿಗೆ ಹಸಿವೋ ಕಾಯಿಲೆಯೋ ಹೆದರಿಕೆಯೋ ಆಗಿತ್ತೆಂದು ತಿಳಿಯಿರಿ. ಗರಿ ಮುರಿಯುವುದೂ ಅಲ್ಲೇ.

ಹೇನು, ನುಸಿಗಳಿಗಾಗಿ ವಾರಕ್ಕೊಮ್ಮೆ ಬಾಲದ ಬುಡ ಮತ್ತು ಗುದದ ಸುತ್ತ ಗರಿ ಬಿಡಿಸಿ ನೋಡಿ. ಹೊಸ ಹಕ್ಕಿ ತಂದರೆ ಒಂದು ತಿಂಗಳು ಬೇರೆಯೇ ಇಡಿ, ನೀರಿನ ಪಾತ್ರೆಯೂ ಬೇರೆ ಇರಲಿ.

ಬಯಲುಕೋಳಿ

ಒಂದೂವರೆ ಮೀಟರಿಗೆ ಗೆರೆ ಎಳೆದೆ ಎಂದಿರಲ್ಲ ಮೇಡಂ, ಅದನ್ನು ಒಪ್ಪುತ್ತೇನೆ. ಒಂದು ಅನುಮಾನ: ಉದುರದ ಗುಣವನ್ನೇ ಆರಿಸುತ್ತಾ ಹೋದರೆ ಬಾಲ ಆ ಗೆರೆಯಲ್ಲಿ ನಿಲ್ಲುತ್ತದೆಯೇ?

ಹಿರಿಯಹುಂಜ

ಕತ್ತರಿ ಇದೆಯಲ್ಲ. ಗರಿ ಬೆಳೆಯುವುದು ಬುಡದಿಂದ, ತುದಿ ಕತ್ತರಿಸಿದರೆ ನೋವೂ ಇಲ್ಲ, ಬೆಳವಣಿಗೆಗೆ ತಡೆಯೂ ಇಲ್ಲ. ಎಳೆಯ ಗರಿಯ ರಕ್ತವಿರುವ ಭಾಗಕ್ಕೆ ಮಾತ್ರ ಕತ್ತರಿ ತಾಗಬಾರದು. ತಳಿಗೆ ಬಿಡುವ ಹುಂಜದ ಬಾಲವನ್ನು ನಾನು ಕತ್ತರಿಸಿಯೇ ಬಿಡುತ್ತೇನೆ, ಇಲ್ಲವಾದರೆ ಹೇಂಟೆಯನ್ನು ತುಳಿಯುವಾಗ ಅದರ ಬಾಲವೇ ಅದಕ್ಕೆ ಅಡ್ಡ.

ಹಾಗಾದರೆ ಉದ್ದ ಅಳೆಯುವುದು ಹೇಗೆ ಎಂದು ಕೇಳಬಹುದು. ಉದ್ದ ಅಳೆಯಬೇಡಿ, ವೇಗ ಅಳೆಯಿರಿ. ಗರಿಯ ದಂಟಿನ ಮೇಲೆ, ಚರ್ಮಕ್ಕೆ ತಾಗಿದ ಜಾಗದಲ್ಲಿ, ಅಳಿಸದ ಮಸಿಯಿಂದ ಒಂದು ಚುಕ್ಕೆ ಇಡಿ. ತಿಂಗಳು ಬಿಟ್ಟು ಚರ್ಮದಿಂದ ಚುಕ್ಕೆಯವರೆಗೆ ಅಳೆದರೆ ಆ ತಿಂಗಳ ಬೆಳವಣಿಗೆ ಸಿಗುತ್ತದೆ. ಚುಕ್ಕೆ ಕದಲದೆ ನಿಂತಿತೆಂದರೆ ಗರಿ ಬೆಳೆದು ಮುಗಿಯಿತು. ಅದನ್ನು ಬುಡದಲ್ಲೂ ನೋಡಬಹುದು: ಬೆಳೆಯುತ್ತಿರುವ ಗರಿಯ ಬುಡ ದಪ್ಪಗೆ, ಮೆತ್ತಗೆ, ನೀಲಿಗಪ್ಪಾಗಿ ಇರುತ್ತದೆ, ಬೆಳೆದು ಮುಗಿದ ಗರಿಯ ಬುಡ ಬಿಳಿಚಿ, ಗಟ್ಟಿಯಾಗಿ, ಒಳಗೆ ಟೊಳ್ಳಾಗಿರುತ್ತದೆ. ವರ್ಷ ಕಳೆದ ಮೇಲೂ ಬುಡ ನೀಲಿಯಾಗಿಯೇ ಇರುವ ಗರಿಗಳು ಯಾವ ಹುಂಜದಲ್ಲಿ ಎಷ್ಟಿವೆ ಎಂದು ಪುಸ್ತಕದಲ್ಲಿ ಬರೆದಿಡಿ. ಬಾಲದ ಉದ್ದಕ್ಕಿಂತ ಆ ಸಂಖ್ಯೆಯನ್ನು ನಾನು ಹೆಚ್ಚು ನಂಬುತ್ತೇನೆ.

ಉದ್ದಬಾಲ

ಇದು ನನಗೆ ಹೊಳೆದೇ ಇರಲಿಲ್ಲ. ಈಗಿನ ಯೋಜನೆ ಹೀಗಿದೆ: ಆ ಗುಂಪಿನಿಂದ ಹುಂಜವನ್ನೂ ಅದರ ಒಡಹುಟ್ಟಿದವಲ್ಲದ ಎರಡು ಹೇಂಟೆಗಳನ್ನೂ ತರುತ್ತೇನೆ. ಇನ್ನೆರಡು ಕಡೆಯಿಂದ ಒಂದೊಂದು ಹುಂಜ, ಎರಡೆರಡು ಹೇಂಟೆ, ಸಿಕ್ಕರೆ ಅದರಲ್ಲಿ ಚಿನ್ನದ ಬಣ್ಣದ್ದೂ ಇರಲಿ. ಮೊದಲ ವರ್ಷ ಬಾಲದ ಆಸೆ ಬಿಟ್ಟು ಹೇಂಟೆಗಳನ್ನು ಪರೀಕ್ಷಿಸುತ್ತೇನೆ. ಯಾವ ಮೊಟ್ಟೆ ಯಾರದ್ದು ಎಂದು ಮರಿಯಾಗುವವರೆಗೂ ತಪ್ಪದೆ ಗುರುತಿಡುವುದು ಹೇಗೆ?

ತಳಿಲೆಕ್ಕ

ಹಾಗೆ ಮಾಡಿದರೆ ಮೂರು ಹುಂಜ, ಆರು ಹೇಂಟೆ. ಸೂತ್ರದಲ್ಲಿ 8 ಬರುತ್ತದೆ, ಒಂಬತ್ತು ಹೇಂಟೆ ಇದ್ದಾಗಿನ 9ಕ್ಕೆ ಹತ್ತಿರವೇ. ಒಂದು ಎಚ್ಚರಿಕೆ: ಹುಂಜ ಬದಲಾಯಿಸಿದ ಕೂಡಲೇ ಮೊಟ್ಟೆ ಕೂಡಿಡಬೇಡಿ. ಹಳೆಯ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಮೂರು ವಾರ ಕಳೆದ ನಂತರದ ಮೊಟ್ಟೆಗಳನ್ನಷ್ಟೇ ಹೊಸ ಹುಂಜದ ಹೆಸರಿಗೆ ಬರೆಯಿರಿ.

ಕಾವುಗೂಡು

ಒಂದು ಗೂಡಿಗೆ ಒಂದೇ ಹೇಂಟೆ ಇಟ್ಟು, ಹುಂಜವನ್ನು ದಿನಕ್ಕೊಂದು ಗೂಡಿಗೆ ಬಿಡುವುದು ಸುಲಭದ ದಾರಿ. ಮೊಟ್ಟೆ ಎತ್ತಿದ ಕೂಡಲೇ ಪೆನ್ಸಿಲಿನಿಂದ ಹೇಂಟೆಯ ಸಂಖ್ಯೆ, ದಿನಾಂಕ ಬರೆಯಿರಿ. ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿಟ್ಟು, ವಾರದೊಳಗೆ ಕಾವಿಗೆ ಹಾಕಿ. ಫ್ಯಾನ್ ಇರುವ ಇನ್ಕ್ಯುಬೇಟರಿನಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಸಾಕು. ಹದಿನೆಂಟನೆಯ ದಿನ ಮೊಟ್ಟೆ ಹೊರಳಿಸುವುದನ್ನು ನಿಲ್ಲಿಸಿ ತೇವ ಏರಿಸುವಾಗ, ಒಬ್ಬೊಬ್ಬ ತಾಯಿಯ ಮೊಟ್ಟೆಗಳನ್ನು ಬೇರೆ ಬೇರೆ ಜಾಳಿಗೆ ಬುಟ್ಟಿಯಲ್ಲಿಟ್ಟು ಮುಚ್ಚಿ. ಮರಿ ಒಡೆದ ಮೇಲೆ ಚಿಪ್ಪಿನ ಮೇಲಿನ ಸಂಖ್ಯೆ ಯಾವ ಮರಿಯದೆಂದು ಹೇಳಲು ಬರುವುದಿಲ್ಲ. ಬುಟ್ಟಿ ಮಾತ್ರ ಹೇಳುತ್ತದೆ.

ಬುಟ್ಟಿಯಿಂದ ತೆಗೆಯುವ ಮೊದಲೇ ಕಾಲ್ಬೆರಳುಗಳ ನಡುವಿನ ತೆಳು ಚರ್ಮದಲ್ಲಿ ಸಣ್ಣ ತೂತು ಮಾಡಿ ಗುರುತು ಹಾಕಿ. ಒಂದು ಕಾಲಿಗೆ ಎರಡು ಜಾಗ, ಎರಡೂ ಕಾಲು ಸೇರಿ ನಾಲ್ಕು. ತೂತು ಇರುವುದು, ಇಲ್ಲದಿರುವುದು ಸೇರಿ ಹದಿನಾರು ಬಗೆಯ ಗುರುತು ಸಿಗುತ್ತದೆ, ನಿಮ್ಮ ಆರು ತಾಯಂದಿರಿಗೆ ಧಾರಾಳ. ಎರಡು ವಾರದ ನಂತರ ತೂತು ಮುಚ್ಚಿಕೊಂಡಿದೆಯೇ ಎಂದು ಮತ್ತೆ ನೋಡಿ, ಮುಚ್ಚಿದ್ದರೆ ಆಗಲೇ ಸರಿಪಡಿಸಿ. ಕಾಲುಂಗುರ ಆಮೇಲೆ, ಕಾಲು ದಪ್ಪವಾದ ಮೇಲೆ. ಎಳೆಯದರಲ್ಲಿ ಹಾಕಿದ ಬಿಗಿ ಉಂಗುರ ಮಾಂಸಕ್ಕೆ ಇಳಿಯುತ್ತದೆ.